ಒಬ್ಬರೇ ಬಂದವರಿಗೆ ಜಾಗ ಇದೆಯೇ? ಕಾಲೇಜಿನ ಊಟದ ಹಾಲ್ ಒಂದರ ವಿಮರ್ಶೆ

ಕಾಲೇಜಿನ ಊಟದ ಹಾಲ್ ಹೇಗಿದೆ ಎಂದು ಯಾರನ್ನು ಕೇಳಿದರೂ ಮೊದಲು ಬರುವುದು ಉಪ್ಪು, ಖಾರ, ಎಣ್ಣೆಯ ಮಾತು. ಬರಬೇಕಾದ ಮಾತೇ. ಆದರೆ ರುಚಿ ವಾರದಿಂದ ವಾರಕ್ಕೆ ಏರಿಳಿಯುತ್ತದೆ. ಅಡುಗೆಯವರು ಬದಲಾದರೆ ಪೂರಾ ಬದಲಾಗಿ ಹೋಗುತ್ತದೆ. ಬದಲಾಗದೆ ಉಳಿಯುವುದು ಬಾಗಿಲು ಎಲ್ಲಿದೆ, ಮೇಜು ಎಷ್ಟು ಅಗಲ, ಕುರ್ಚಿ ಎಳೆದರೆ ಬರುತ್ತದೆಯೇ, ಸದ್ದು ಎಲ್ಲಿಗೆ ಹೋಗಿ ಬಡಿಯುತ್ತದೆ ಎಂಬಂಥ ಸಂಗತಿಗಳು. ಉಣ್ಣಲು ಬಂದವರು ಎಲ್ಲಿ ಕೂರುತ್ತಾರೆ, ಯಾರ ಪಕ್ಕ ಕೂರುತ್ತಾರೆ, ಎಷ್ಟು ಹೊತ್ತು ಕೂರುತ್ತಾರೆ ಎಂಬುದನ್ನು ಬಹುಮಟ್ಟಿಗೆ ಇವೇ ತೀರ್ಮಾನಿಸುತ್ತವೆ. ಹಾಗಾಗಿ ಈ ವಿಮರ್ಶೆಯಲ್ಲಿ ತಟ್ಟೆಯೊಳಗಿನದಕ್ಕಿಂತ ತಟ್ಟೆ ಹಿಡಿದವರ ವಿಷಯವೇ ಹೆಚ್ಚು.

ನಾನು ಇದೇ ಕಾಲೇಜಿನ ಗ್ರಂಥಾಲಯದಲ್ಲಿ ಓದುವ ಕೊಠಡಿಯನ್ನು ನೋಡಿಕೊಳ್ಳುತ್ತೇನೆ. ಸಿಬ್ಬಂದಿಗೂ ಮಧ್ಯಾಹ್ನದ ಊಟ ಈ ಹಾಲ್‌ನಲ್ಲೇ. ಯಾರು ಯಾವ ಮೂಲೆ ಹಿಡಿಯುತ್ತಾರೆ, ಯಾವ ಕುರ್ಚಿ ಸದಾ ಖಾಲಿ ಉಳಿಯುತ್ತದೆ ಎಂದು ಗಮನಿಸುವುದು ನನ್ನ ಕೆಲಸದ ಭಾಗ. ಆ ಅಭ್ಯಾಸ ಊಟದ ಹೊತ್ತಿನಲ್ಲೂ ಬಿಡುವುದಿಲ್ಲ. ಗೋಡೆಯ ಬದಿಯಲ್ಲಿ, ಕಂಬದ ಪಕ್ಕದ ಕುರ್ಚಿ ನನಗೆ ಅಚ್ಚುಮೆಚ್ಚು. ಅಲ್ಲಿಂದ ಬಡಿಸುವ ಕಟ್ಟೆಯೂ ಕಾಣುತ್ತದೆ, ಎಂಜಲು ತಟ್ಟೆ ಇಡುವ ಕಿಂಡಿಯೂ ಕಾಣುತ್ತದೆ. ತೀರ್ಪನ್ನು ಮೊದಲೇ ಹೇಳಿಬಿಡುತ್ತೇನೆ: ಒಬ್ಬರೇ ಬಂದು ಉಣ್ಣುವವರಿಗೆ ಇದು ಒಳ್ಳೆಯ ಹಾಲ್. ನಾಲ್ಕು ಜನ ಕೂಡಿ ಹರಟುವವರಿಗೆ ಇನ್ನೂ ಒಳ್ಳೆಯದು. ಕಿವಿ ಮಂದವಾದವರಿಗೆ ಮತ್ತು ತಡವಾಗಿ ಬರುವವರಿಗೆ ಬಹಳ ಕಷ್ಟದ್ದು.

ಯಾವ ಊಟದ ಹಾಲ್‌ಗಾದರೂ ನಾನು ಒಡ್ಡುವ ಪರೀಕ್ಷೆ ಒಂದೇ. ಊಟ ಬಡಿಸಿಕೊಂಡು ಕಟ್ಟೆಯಿಂದ ಈಚೆ ತಿರುಗಿದ ಕೂಡಲೇ ಇಡೀ ಹಾಲ್ ಎದುರಾಗುತ್ತದೆಯಲ್ಲ, ಆ ಗಳಿಗೆಯಲ್ಲಿ ಹೊಸಬರು ಏನು ಮಾಡುತ್ತಾರೆ? ಎರಡೂ ಕೈಯಲ್ಲಿ ತಟ್ಟೆ, ಬೆನ್ನಿನ ಮೇಲೆ ಚೀಲ, ಹಿಂದೆ ಸಾಲು ಮುಂದೊತ್ತುತ್ತಿದೆ, ಎದುರಿಗೆ ನೂರಾರು ತಲೆಗಳು. ತರಗತಿಯಲ್ಲಿ ಎಲ್ಲಿ ಕೂರಬೇಕೆಂದು ಗೊತ್ತಿರುತ್ತದೆ, ಪ್ರಯೋಗಾಲಯದಲ್ಲಿ ಹೆಸರು ಕೂಗಿ ಕೂರಿಸುತ್ತಾರೆ. ಇಲ್ಲಿ ಮಾತ್ರ ತಾನು ಯಾರ ಜೊತೆಗೆ ಸೇರಿದವನು ಎಂಬ ಪ್ರಶ್ನೆಗೆ ನಿಂತ ನಿಲುವಿನಲ್ಲೇ, ಎಲ್ಲರ ಕಣ್ಣೆದುರಿಗೇ ಉತ್ತರ ಕೊಡಬೇಕು. ಹದಿನೆಂಟರ ವಯಸ್ಸಿನವರಿಗೆ ಅದು ಸಣ್ಣ ವಿಷಯವಲ್ಲ. ಕಾಲೇಜು ಶುರುವಾದ ಮೊದಲ ವಾರಗಳಲ್ಲಿ ಈ ಒಂದು ಗಳಿಗೆಗೆ ಹೆದರಿ ಊಟವನ್ನೇ ಬಿಟ್ಟು ಓದುವ ಕೊಠಡಿಯಲ್ಲಿ ಬಿಸ್ಕತ್ತು ತಿಂದು ಕೂರುವವರನ್ನು ನಾನು ಪ್ರತಿ ವರ್ಷ ನೋಡುತ್ತೇನೆ.

ಈ ಹಾಲ್ ಆ ಗಳಿಗೆಯನ್ನು ಚೆನ್ನಾಗಿ ನಿಭಾಯಿಸುತ್ತದೆ. ಯಾರೋ ಯೋಚಿಸಿ ಮಾಡಿದರೋ, ತಾನಾಗಿಯೇ ಆಯಿತೋ, ಬಡಿಸುವ ಕಟ್ಟೆ ಮುಗಿದ ಮೇಲೆ ಏಳೆಂಟು ಹೆಜ್ಜೆ ದೂರದಲ್ಲಿ ಚಮಚ, ಲೋಟ, ನೀರಿನ ಮೇಜು ಇದೆ. ಅಲ್ಲಿ ಕೈಗೆ ಒಂದು ಕೆಲಸ ಸಿಗುತ್ತದೆ. ಕಳೆದ ತಿಂಗಳು ಒಬ್ಬ ಹುಡುಗಿಯನ್ನು ನೋಡಿದೆ. ತಟ್ಟೆಯನ್ನು ಆ ಮೇಜಿನ ಅಂಚಿಗೆ ಇಟ್ಟಳು, ಲೋಟ ತುಂಬಿಸಿದಳು, ನಿಂತಲ್ಲೇ ಅರ್ಧ ಕುಡಿದಳು. ಕುಡಿಯುವಾಗ ಕಣ್ಣು ಮಾತ್ರ ಲೋಟದ ಅಂಚಿನ ಮೇಲಿಂದ ಹಾಲ್‌ನ ಎಡದಿಂದ ಬಲಕ್ಕೆ ನಿಧಾನವಾಗಿ ಸರಿಯಿತು. ಮತ್ತೆ ತುಂಬಿಸಿದಳು. ಚಮಚಗಳಲ್ಲಿ ಒಂದನ್ನು ಆರಿಸಿ, ಅದನ್ನು ಬಿಟ್ಟು ಇನ್ನೊಂದನ್ನು ತೆಗೆದುಕೊಂಡಳು. ಅಷ್ಟರಲ್ಲಿ ಕಿಟಕಿಯ ಬಳಿ ಒಂದು ಕುರ್ಚಿ ಖಾಲಿಯಾಯಿತು. ನೆಟ್ಟಗೆ ನಡೆದು ಹೋಗಿ ಕೂತಳು, ಮೊದಲಿನಿಂದಲೂ ಅಲ್ಲಿಗೇ ಹೊರಟಿದ್ದವಳಂತೆ. ನೀರಿನ ಮೇಜು ಕಟ್ಟೆಗೇ ಅಂಟಿಕೊಂಡಿದ್ದರೆ ಅವಳಿಗೆ ಆ ಬಿಡುವು ಸಿಗುತ್ತಿರಲಿಲ್ಲ. ಊಟದ ಹಾಲ್ ಕಟ್ಟಿಸುವವರು ಬೇರೇನನ್ನು ಮರೆತರೂ ಇದನ್ನು ಮರೆಯಬಾರದು.

ಸುತ್ತಲಿನವರ ನಡತೆಯೂ ಇಲ್ಲಿ ಸಹಾಯಕ್ಕೆ ಬರುತ್ತದೆ. ಅಪರಿಚಿತರು ಎದುರಾದಾಗ ಒಮ್ಮೆ ಕಣ್ಣೆತ್ತಿ ನೋಡಿ, 'ನೀನು ಇಲ್ಲಿರುವುದು ಗೊತ್ತಾಯಿತು' ಎಂಬಷ್ಟನ್ನು ತಿಳಿಸಿ, ತಕ್ಷಣ ನೋಟ ತಗ್ಗಿಸುವ ಸೌಜನ್ಯವನ್ನು ಸಮಾಜಶಾಸ್ತ್ರಜ್ಞ ಅರ್ವಿಂಗ್ ಗಾಫ್‌ಮನ್ 1963ರಲ್ಲಿ ವಿವರವಾಗಿ ಗುರುತಿಸಿದ್ದರು. ದಿಟ್ಟಿಸಿ ನೋಡಿದರೆ ಎದುರಿನವರಿಗೆ ಮುಜುಗರ. ನೋಡದೇ ಇದ್ದರೆ ಅವರು ಇಲ್ಲವೇ ಇಲ್ಲ ಎಂದಂತಾಗುತ್ತದೆ. ಹಿರಿಯ ವಿದ್ಯಾರ್ಥಿಗಳಲ್ಲಿ ಈ ಹದ ಎಷ್ಟು ಚೆನ್ನಾಗಿ ಕೂತಿರುತ್ತದೆ ಎಂದರೆ, ತಟ್ಟೆ ಹಿಡಿದು ಬಂದವರು ಮೇಜಿನ ಹತ್ತಿರ ಕ್ಷಣ ತಡೆದರೆ ಸಾಕು, ಮಾತು ನಿಲ್ಲಿಸದೆಯೇ ಚೀಲವನ್ನು ಕುರ್ಚಿಯಿಂದ ನೆಲಕ್ಕೆ ಇಳಿಸಿಬಿಡುತ್ತಾರೆ. ಆಹ್ವಾನವೂ ಇಲ್ಲ, ಪ್ರಶ್ನೆಯೂ ಇಲ್ಲ. ಆ ಚೀಲ ಇಳಿಸುವ ಕೈಯನ್ನು ನೋಡಿದಾಗಲೆಲ್ಲ ನನಗೆ ಈ ಕಾಲೇಜಿನ ಮೇಲೆ ಪ್ರೀತಿ ಹೆಚ್ಚಾಗುತ್ತದೆ.

ಇನ್ನು ಮೇಜುಗಳು. ಹಾಲ್‌ನ ಹಿಂದಿನ ಅರ್ಧದಲ್ಲಿ ನೆಲಕ್ಕೆ ಬಿಗಿದ ಬೆಂಚುಗಳಿರುವ ಉದ್ದನೆಯ ಹಳೆಯ ಮೇಜುಗಳಿವೆ. ಮುಂದಿನ ಅರ್ಧದಲ್ಲಿ ನಾಲ್ವರು ಕೂರುವ ಚೌಕ ಮೇಜು, ಎಳೆದರೆ ಬರುವ ಕುರ್ಚಿ. ಕಿಟಕಿಯ ಉದ್ದಕ್ಕೂ ಹೊರಗೆ ಮುಖ ಮಾಡಿ ಕೂರುವ ಕಿರಿದಾದ ಕಟ್ಟೆ. ಮೂರು ಭಾಗಗಳಲ್ಲೂ ಊಟ ಒಂದೇ ಪಾತ್ರೆಯದು, ಆದರೆ ಮೂರು ಕಡೆ ಮೂರು ತರಹದ ಮನುಷ್ಯರು ಕಾಣುತ್ತಾರೆ. ಅದೇ ವಿದ್ಯಾರ್ಥಿಯನ್ನು ಒಂದು ದಿನ ಬೆಂಚಿನ ಮೇಲೆ, ಇನ್ನೊಂದು ದಿನ ಚೌಕ ಮೇಜಿನಲ್ಲಿ ನೋಡಿದರೆ ಇಬ್ಬರು ಬೇರೆ ಬೇರೆ ಎನ್ನಿಸುವಷ್ಟು ವ್ಯತ್ಯಾಸ.

ಉದ್ದನೆಯ ಮೇಜಿನಲ್ಲಿ ಜನ ತುದಿಯಿಂದ ತುಂಬುತ್ತಾರೆ. ಮೊದಲು ನಾಲ್ಕು ಮೂಲೆ, ಆಮೇಲೆ ಒಂದೊಂದು ಜಾಗ ಬಿಟ್ಟು ಒಬ್ಬೊಬ್ಬರು. ಮಧ್ಯದ ಜಾಗಗಳು ಗದ್ದಲದ ಹೊತ್ತಿನಲ್ಲೂ ಖಾಲಿ ಇರುತ್ತವೆ, ಏಕೆಂದರೆ ಬಿಗಿದ ಬೆಂಚಿನ ನಡುವಿಗೆ ಹೋಗಬೇಕಾದರೆ ಇಬ್ಬರನ್ನು ಎಬ್ಬಿಸಬೇಕು ಅಥವಾ ಕಾಲೆತ್ತಿ ದಾಟಬೇಕು. ಸೀರೆಯೋ ಲಂಗವೋ ಪ್ಯಾಂಟೋ, ಉಟ್ಟದ್ದು ಯಾವುದೇ ಇರಲಿ, ಬಿಸಿ ತಟ್ಟೆ ಹಿಡಿದು ಕಾಲೆತ್ತುವುದು ಯಾರಿಗೂ ಬೇಡ. ಮಾನವಶಾಸ್ತ್ರಜ್ಞ ಎಡ್ವರ್ಡ್ ಹಾಲ್ 1966ರಲ್ಲಿ ಮನುಷ್ಯರು ತಮ್ಮ ಸುತ್ತ ಕಾಯ್ದುಕೊಳ್ಳುವ ಅಂತರಗಳನ್ನು ಅಳತೆಯಿಟ್ಟು ಬರೆದಿದ್ದರು: ಅವರು ಗಮನಿಸಿದ ಅಮೆರಿಕನ್ನರಲ್ಲಿ ಸುಮಾರು 45 ಸೆಂಟಿಮೀಟರ್ ಒಳಗಿನ ಜಾಗ ತೀರಾ ಆಪ್ತರಿಗೆ, ಅಲ್ಲಿಂದ 120 ಸೆಂಟಿಮೀಟರ್‌ವರೆಗಿನದು ಪರಿಚಿತರಿಗೆ. ಸಮಾಜದಿಂದ ಸಮಾಜಕ್ಕೆ ಈ ಅಳತೆ ಬದಲಾಗುತ್ತದೆ ಎಂದೂ ಅವರೇ ಒತ್ತಿ ಹೇಳಿದ್ದರು. ನಮ್ಮ ಬೆಂಚಿನಲ್ಲಿ ಪಕ್ಕದವರ ಮೊಣಕೈ ಮತ್ತು ನನ್ನ ಮೊಣಕೈ ನಡುವೆ ಒಂದು ಗೇಣು ಇದ್ದರೆ ಹೆಚ್ಚು. ಅಷ್ಟು ಹತ್ತಿರ ಅಪರಿಚಿತರನ್ನು ಕೂರಿಸಿ ಒಗ್ಗಟ್ಟು ಬೆಳೆಯಲಿ ಎಂದು ಆಶಿಸಿದರೆ ಬೆಳೆಯುವುದು ಮೊಬೈಲ್ ನೋಡುವ ಅಭ್ಯಾಸ ಮಾತ್ರ. ಬೆಂಚಿನ ಭಾಗದಲ್ಲಿ ತಲೆಗಳು ತಗ್ಗಿರುತ್ತವೆ. ನೋಡಿದ ಯಾರಿಗಾದರೂ ಇದು ಗೊತ್ತಾಗುತ್ತದೆ.

ಚೌಕ ಮೇಜುಗಳ ಭಾಗಕ್ಕೆ ಬನ್ನಿ, ಇಡೀ ಹಾಲ್‌ನಲ್ಲಿ ನನಗೆ ಅತ್ಯಂತ ಇಷ್ಟವಾದದ್ದು ಇದು. ಮೊದಲು ಕುರ್ಚಿಯ ವಿಷಯ. ನ್ಯೂಯಾರ್ಕಿನ ಚೌಕಗಳಲ್ಲಿ, ಚಿಕ್ಕ ಉದ್ಯಾನಗಳಲ್ಲಿ ಜನ ಹೇಗೆ ಕೂರುತ್ತಾರೆ ಎಂದು ವರ್ಷಗಟ್ಟಲೆ ಚಿತ್ರೀಕರಿಸಿ 1980ರಲ್ಲಿ ಪ್ರಕಟಿಸಿದ ವಿಲಿಯಂ ವೈಟ್, ಸರಿಸಲು ಬರುವ ಕುರ್ಚಿಯನ್ನು ಮನಸಾರೆ ಹೊಗಳಿದ್ದರು. ಜನ ಕೂರುವ ಮುಂಚೆ ಕುರ್ಚಿಯನ್ನು ಕೆಲವೇ ಅಂಗುಲ ಆಚೀಚೆ ಸರಿಸುತ್ತಾರೆ, ಎಷ್ಟೋ ಸಲ ಅದರಿಂದ ಬಿಸಿಲಾಗಲಿ ನೆರಳಾಗಲಿ ಬದಲಾಗುವುದೇ ಇಲ್ಲ, ಆದರೂ ಸರಿಸುತ್ತಾರೆ ಎಂದು ಅವರು ಗಮನಿಸಿದ್ದರು. ಇದನ್ನು ನಮ್ಮ ಹಾಲ್‌ನಲ್ಲಿ ದಿನವೂ ನೋಡಬಹುದು. ಅಪರಿಚಿತರಿರುವ ಮೇಜಿಗೆ ಬಂದ ಹುಡುಗ ಕುರ್ಚಿಯನ್ನು ಹೊರಕ್ಕೆ ಎಳೆಯುತ್ತಾನೆ, ನಾಲ್ಕು ಬೆರಳಷ್ಟು ಹೊರಗೆ ತಿರುಗಿಸುತ್ತಾನೆ, ಆಮೇಲೆ ಕೂರುತ್ತಾನೆ. 'ನಿಮ್ಮ ಮಾತಿಗೆ ಅಡ್ಡ ಬರುವುದಿಲ್ಲ' ಎಂದು ಆ ನಾಲ್ಕು ಬೆರಳು ಹೇಳುತ್ತದೆ. ವಾರ ಕಳೆದ ಮೇಲೆ ಅದೇ ಹುಡುಗನ ಕುರ್ಚಿ ನೇರವಾಗುತ್ತದೆ. ಇನ್ನೂ ಸ್ವಲ್ಪ ದಿನಕ್ಕೆ ಮೇಜಿನ ಕಡೆಗೆ ವಾಲುತ್ತದೆ. ಬಿಗಿದ ಬೆಂಚಿನಲ್ಲಿ ಇದನ್ನು ಹೇಳಲು ದಾರಿಯೇ ಇಲ್ಲ.

ಮೇಜಿನ ಮೂಲೆಯೂ ದೊಡ್ಡ ಕೆಲಸ ಮಾಡುತ್ತದೆ. 1950ರ ದಶಕದಲ್ಲಿ ಕೆನಡಾದ ಸಸ್ಕ್ಯಾಚುವಾನ್ ಪ್ರಾಂತ್ಯದ ಆಸ್ಪತ್ರೆಯೊಂದರಲ್ಲಿ ಮನಶ್ಶಾಸ್ತ್ರಜ್ಞ ರಾಬರ್ಟ್ ಸೋಮರ್ ಅಲ್ಲಿನ ಊಟದ ಹಾಲ್‌ನಲ್ಲೇ ಕೂತು ಯಾರು ಯಾರೊಂದಿಗೆ ಮಾತಾಡುತ್ತಾರೆ ಎಂದು ಗುರುತು ಹಾಕಿಕೊಂಡರು. ಆರು ಅಡಿ ಉದ್ದ, ಮೂರು ಅಡಿ ಅಗಲದ ಮೇಜು. ಅಕ್ಕಪಕ್ಕ ಕೂತವರಿಗಿಂತ ಮೂಲೆಯ ಎರಡು ಬದಿಗೆ ಕೂತವರ ನಡುವೆ ಮಾತು ಎರಡು ಪಟ್ಟು ಹೆಚ್ಚಿತ್ತು. ಮೇಜಿನ ಆಚೆ ಈಚೆ ಎದುರುಬದುರಾಗಿ ಕೂತವರಿಗೆ ಹೋಲಿಸಿದರೆ ಅಕ್ಕಪಕ್ಕದವರ ಮಾತೇ ಮೂರು ಪಟ್ಟು ಹೆಚ್ಚಿತ್ತು. ಅಂದರೆ ಎದುರಿಗಿಂತ ಮೂಲೆಯಲ್ಲಿ ಆರು ಪಟ್ಟು. ಕಾರಣ ಊಹಿಸುವುದು ಕಷ್ಟವಲ್ಲ. ಎದುರು ಕೂತರೆ ಮುಖ ತಪ್ಪಿಸಲು ಆಗುವುದಿಲ್ಲ, ಪಕ್ಕ ಕೂತರೆ ಕತ್ತು ತಿರುಗಿಸಬೇಕು. ಮೂಲೆಯಲ್ಲಾದರೆ ಬೇಕಾದಾಗ ನೋಡಿ, ಬೇಡವಾದಾಗ ತಟ್ಟೆಯ ಕಡೆ ಕಣ್ಣು ಹೊರಳಿಸಬಹುದು. ನಾಲ್ವರು ಕೂರುವ ಚೌಕ ಮೇಜಿನಲ್ಲಿ ಪ್ರತಿಯೊಬ್ಬರಿಗೂ ಎರಡು ಮೂಲೆ ಸಿಗುತ್ತದೆ. ಪರಿಚಯವಿಲ್ಲದ ಇಬ್ಬರ ನಡುವೆ ಮೊದಲ ಮಾತು ಹುಟ್ಟುವುದನ್ನು ನಾನು ಕಂಡದ್ದು ಬಹುತೇಕ ಈ ಮೂಲೆಗಳಲ್ಲೇ. 'ಆ ನೀರಿನ ಜಗ್ಗು ಸ್ವಲ್ಪ ಈ ಕಡೆ ಕೊಡುತ್ತೀರಾ?' ಅಷ್ಟೇ ಸಾಕಾಗುತ್ತದೆ.

ನಾಲ್ಕು ಎಂಬ ಸಂಖ್ಯೆಯೂ ಸರಿಯಾದದ್ದೇ. ಬ್ರಿಟನ್ನಿನ ರಾಬಿನ್ ಡನ್ಬಾರ್ ಮತ್ತು ಸಂಗಡಿಗರು ಜನ ತಾವಾಗಿಯೇ ಸೇರಿ ಮಾತಾಡುವ ಗುಂಪುಗಳನ್ನು ಎಣಿಸಿ 1995ರಲ್ಲಿ ಪ್ರಕಟಿಸಿದ ಅಧ್ಯಯನದ ಸಾರ ಇಷ್ಟು: ಒಂದೇ ಮಾತಿನಲ್ಲಿ ತೊಡಗುವವರ ಮಿತಿ ಸುಮಾರು ನಾಲ್ಕು. ಐದನೆಯವರು ಸೇರಿದ ಸ್ವಲ್ಪ ಹೊತ್ತಿಗೆ ಗುಂಪು ಒಡೆಯುತ್ತದೆ. ನಮ್ಮಲ್ಲಿ ಎರಡು ಚೌಕ ಮೇಜು ಜೋಡಿಸಿ ಎಂಟು ಜನ ಕೂರುವುದುಂಟು. ಮೊದಲ ಐದು ನಿಮಿಷ ಒಂದೇ ನಗು, ಒಂದೇ ಗದ್ದಲ. ಆಮೇಲೆ ನೋಡಿ, ಸದ್ದಿಲ್ಲದೆ ಮೂರೋ ನಾಲ್ಕೋ ಜನರ ಎರಡು ಮಾತುಗಳಾಗಿರುತ್ತವೆ, ನಡುವೆ ಸಿಕ್ಕಿದ ಒಬ್ಬರು ಎರಡೂ ಕಡೆ ಅರ್ಧರ್ಧ ನಗುತ್ತಿರುತ್ತಾರೆ. ಆ ನಡುವಿನವರ ಮೇಲೆ ನನಗೆ ವಿಶೇಷ ಅಕ್ಕರೆ. ಗುಂಪಿನಲ್ಲಿದ್ದೂ ಗುಂಪು ಸಿಗದ ಆ ಸ್ಥಿತಿ ಕಿಟಕಿಯ ಬಳಿ ಒಬ್ಬರೇ ಕೂತವರ ಸ್ಥಿತಿಗಿಂತ ಕಠಿಣ.

ಅವರು ಏನು ಮಾತಾಡುತ್ತಾರೆ ಎಂದು ಕೇಳಬೇಡಿ. ನಾನು ಕಿವಿಗೊಟ್ಟು ಕೇಳುವುದಿಲ್ಲ, ಮೊಬೈಲ್ ಎತ್ತಿ ಚಿತ್ರ ತೆಗೆಯುವುದಂತೂ ಇಲ್ಲವೇ ಇಲ್ಲ. ಬೇರೆಯವರ ಊಟವನ್ನು ನೋಡುವವರು ಪಾಲಿಸಬೇಕಾದ ಕನಿಷ್ಠ ಮರ್ಯಾದೆ ಅದು. ಆದರೆ ಡನ್ಬಾರ್ ಅವರ ತಂಡ 1997ರಲ್ಲಿ ಪ್ರಕಟಿಸಿದ ಇನ್ನೊಂದು ಅಧ್ಯಯನದ ಮಾತು ಹೇಳಬಹುದು. ಬಿಡುವಿನ ಮಾತುಕತೆಗಳನ್ನು ಗಮನಿಸಿದಾಗ ಸುಮಾರು ಮೂರರಲ್ಲಿ ಎರಡು ಪಾಲು ಮನುಷ್ಯರ ವಿಷಯವೇ ಇತ್ತು: ತಾನು, ತನ್ನವರು, ಅವರಿಗೆ ಏನಾಯಿತು, ಇವರಿಗೆ ಏನಾಯಿತು. ಇನ್ನೊಬ್ಬರನ್ನು ಹಳಿಯುವ ಮಾತು ತೀರಾ ಕಡಿಮೆ. ಊಟದ ಹೊತ್ತಿನಲ್ಲಿ ಮಕ್ಕಳು ಬರೀ ಹರಟುತ್ತಾರೆ ಎಂದು ಗೊಣಗುವ ಅಧ್ಯಾಪಕರಿಗೆ ಇದನ್ನು ಓದಿ ಹೇಳಬೇಕು ಎಂದು ನನಗೆ ಯಾವಾಗಲೂ ಅನ್ನಿಸುತ್ತದೆ. ಆ ಹರಟೆಯಲ್ಲೇ ಅವರು ಒಬ್ಬರನ್ನೊಬ್ಬರು ಅರಿಯುತ್ತಿರುತ್ತಾರೆ.

ಬಡಿಸುವವರ ವಿಷಯದಲ್ಲಿ ಈ ಹಾಲ್‌ಗೆ ಪೂರ್ಣ ಅಂಕ. ಕಟ್ಟೆಯ ಕೊನೆಯಲ್ಲಿ ನಿಲ್ಲುವ ಹಿರಿಯ ಹೆಂಗಸೊಬ್ಬರು ಸೌಟನ್ನು ಪಾತ್ರೆಯಲ್ಲಿ ಅದ್ದುವ ಮುಂಚೆ ಬಂದವರ ಮುಖ ನೋಡುತ್ತಾರೆ. ಆತುರದ ಸಾಲಿನಲ್ಲಿ ಇದಕ್ಕೆ ಅರೆ ಕ್ಷಣವೂ ಹಿಡಿಯುವುದಿಲ್ಲ, ಆದರೆ ಎಷ್ಟೋ ಮಕ್ಕಳಿಗೆ ಆ ದಿನ ಯಾರಾದರೂ ಮುಖವೆತ್ತಿ ನೋಡಿದ ಮೊದಲ ಗಳಿಗೆ ಅದೇ ಆಗಿರುತ್ತದೆ.

'ಅಕ್ಕಾ, ಸ್ವಲ್ಪ ಸಾಕು.'

'ನಿನ್ನೆಯೂ ಸ್ವಲ್ಪವೇ ಅಂದೆಯಲ್ಲಮ್ಮಾ. ಹುಷಾರಿದ್ದೀಯಾ?'

ಹುಡುಗಿ ಉತ್ತರ ಕೊಡಲಿಲ್ಲ, ತಲೆಯಾಡಿಸಿದಳು. ಆಕೆ ಒತ್ತಾಯ ಮಾಡಲಿಲ್ಲ. ಸ್ವಲ್ಪವೇ ಹಾಕಿ, ಪಕ್ಕದಲ್ಲಿ ಒಂದು ಹಣ್ಣು ಇಟ್ಟು ಮುಂದಿನವರ ಕಡೆ ತಿರುಗಿದರು. ಸಾಲು ನಿಲ್ಲಲೇ ಇಲ್ಲ. ಹೊರಗಿನ ಗುತ್ತಿಗೆದಾರರಿಗೆ ಊಟದ ಹಾಲ್ ವಹಿಸಿ, ಬಡಿಸುವವರನ್ನು ತಿಂಗಳಿಗೊಮ್ಮೆ ಬದಲಾಯಿಸುವ ಕಾಲೇಜುಗಳು ಏನನ್ನು ಕಳೆದುಕೊಳ್ಳುತ್ತವೆ ಎಂದರೆ 'ನಿನ್ನೆಯೂ' ಎಂಬ ಆ ಮಾತನ್ನು. ನೆನಪಿಟ್ಟುಕೊಳ್ಳಲು ಒಬ್ಬರೇ ಬಹುಕಾಲ ಅಲ್ಲಿ ನಿಂತಿರಬೇಕು.

ಯಾರು ಎಷ್ಟು ಉಣ್ಣುತ್ತಾರೆ ಎಂಬುದು ಹಸಿವೆಯೊಂದರ ಲೆಕ್ಕವಲ್ಲ. ಜಾನ್ ಡಿ ಕ್ಯಾಸ್ಟ್ರೋ ಎಂಬ ಸಂಶೋಧಕರು ಜನರಿಂದ ಊಟದ ದಿನಚರಿ ಬರೆಸಿ 1992ರಲ್ಲಿ ತೋರಿಸಿದಂತೆ, ಒಬ್ಬರೇ ಉಣ್ಣುವುದಕ್ಕಿಂತ ಇನ್ನೊಬ್ಬರ ಜೊತೆಗಿದ್ದಾಗ ಊಟ ಶೇಕಡ 33ರಷ್ಟು ಹೆಚ್ಚುತ್ತದೆ, ನಾಲ್ವರ ಜೊತೆಗೆ ಶೇಕಡ 69ರಷ್ಟು, ಏಳು ಅಥವಾ ಹೆಚ್ಚು ಜನರಿದ್ದರೆ ಶೇಕಡ 96ರಷ್ಟು. ಕೂಡಿ ಕೂತಾಗ ಹೊತ್ತು ಹೋಗುವುದು ತಿಳಿಯುವುದಿಲ್ಲ, ಕೂತಷ್ಟು ಹೊತ್ತೂ ಕೈ ಬಾಯಿ ಆಡುತ್ತಿರುತ್ತದೆ. ಕಿಂಡಿಗೆ ಬರುವ ತಟ್ಟೆಗಳನ್ನು ನೋಡಿದರೆ ಇದು ಕಾಣುತ್ತದೆ: ಗುಂಪಿನಿಂದ ಎದ್ದವರ ತಟ್ಟೆ ಒರೆಸಿದಂತೆ ಖಾಲಿ, ಬೆಂಚಿನ ನಡುವೆ ಒಬ್ಬರೇ ಕೂತವರ ತಟ್ಟೆಯಲ್ಲಿ ಅರ್ಧ ಉಳಿದಿರುತ್ತದೆ. ಉಳಿದದ್ದನ್ನು ಕಂಡು 'ಅನ್ನ ಚೆಲ್ಲಬೇಡಿ' ಎಂದು ಗೋಡೆಗೆ ಫಲಕ ಹಾಕಿದ್ದಾರೆ. ಬೆಂಚು ಕಿತ್ತು ಕುರ್ಚಿ ಹಾಕಿದರೆ ಫಲಕಕ್ಕಿಂತ ಹೆಚ್ಚು ಫಲ ಸಿಗುತ್ತದೆ ಎಂಬುದು ನನ್ನ ನಂಬಿಕೆ. ತಟ್ಟೆಯನ್ನು ಚಿಕ್ಕದು ಮಾಡಿದರೆ ಎಲ್ಲ ಸರಿಯಾಗುತ್ತದೆ ಎನ್ನುವವರೂ ಇದ್ದಾರೆ. ಆ ವಾದವನ್ನು ಜಗತ್ತಿನಾದ್ಯಂತ ಹಬ್ಬಿಸಿದವರಲ್ಲಿ ಪ್ರಮುಖರಾದ ಕಾರ್ನೆಲ್ ವಿಶ್ವವಿದ್ಯಾಲಯದ ಬ್ರಯನ್ ವಾನ್ಸಿಂಕ್ ಅವರ ಆರು ಪ್ರಬಂಧಗಳನ್ನು ಅಮೆರಿಕದ ವೈದ್ಯ ಸಂಘದ ಪತ್ರಿಕೆಗಳು 2018ರಲ್ಲಿ ಒಂದೇ ಸಲ ಹಿಂತೆಗೆದುಕೊಂಡವು. ಅವರ ಸಂಶೋಧನೆಯಲ್ಲಿ ದುರ್ನಡತೆ ನಡೆದಿದೆ ಎಂದು ವಿಶ್ವವಿದ್ಯಾಲಯವೇ ಹೇಳಿತು. ಉಣ್ಣುವವರನ್ನು ಕೂತು ನೋಡುವುದಕ್ಕೆ ಅಡ್ಡದಾರಿ ಇಲ್ಲ.

ಈಗ ಸದ್ದಿನ ವಿಷಯ. ಇಲ್ಲಿ ಹಾಲ್ ಸೋಲುತ್ತದೆ, ಚೆನ್ನಾಗಿಯೇ ಸೋಲುತ್ತದೆ. ನುಣುಪು ನೆಲ, ಗಾಜಿನ ಕಿಟಕಿ, ಬರಿಯ ಕಾಂಕ್ರೀಟ್ ಚಾವಣಿ, ಲೋಹದ ತಟ್ಟೆ. ಸದ್ದನ್ನು ಹೀರುವ ವಸ್ತು ಅಲ್ಲಿ ಮನುಷ್ಯರ ಮೈ ಮತ್ತು ಬಟ್ಟೆ ಮಾತ್ರ. ಕೋಣೆ ಏಕೆ ಮೊಳಗುತ್ತದೆ ಎಂಬುದಕ್ಕೆ ಉತ್ತರ ಹುಡುಕಿದ್ದೂ ಒಂದು ಕಾಲೇಜಿನ ಆವರಣದಲ್ಲೇ. ಹಾರ್ವರ್ಡ್‌ನ ಹೊಸ ಉಪನ್ಯಾಸ ಕೊಠಡಿಯಲ್ಲಿ ಮಾತು ಕೇಳಿಸುವುದೇ ಇಲ್ಲ ಎಂಬ ದೂರು ಬಂದಾಗ 1895ರಲ್ಲಿ ಯುವ ಅಧ್ಯಾಪಕ ವಾಲೇಸ್ ಸೇಬಿನ್ ಅವರಿಗೆ ಆ ಕೆಲಸ ವಹಿಸಲಾಯಿತು. ಒಂದು ಸದ್ದು ಅಲ್ಲಿ ಆರಲು ಐದೂವರೆ ಸೆಕೆಂಡ್ ಹಿಡಿಯುತ್ತಿತ್ತು. ಹತ್ತಿರದ ರಂಗಮಂದಿರದ ಆಸನದ ದಿಂಬುಗಳನ್ನು ರಾತ್ರಿ ಹೊತ್ತು ತಂದು ಹಾಸಿ, ಅಳೆದು, ಬೆಳಗಾಗುವ ಮುಂಚೆ ಮತ್ತೆ ಅಲ್ಲಿಗೇ ಸಾಗಿಸಿ ಅವರು ಸೂತ್ರ ಕಂಡುಕೊಂಡರು: ಕೋಣೆಯ ಗಾತ್ರ ಹೆಚ್ಚಿದಷ್ಟೂ ಸದ್ದು ಹೆಚ್ಚು ಹೊತ್ತು ಉಳಿಯುತ್ತದೆ, ಹೀರುವ ಮೇಲ್ಮೈ ಹೆಚ್ಚಿದಷ್ಟೂ ಬೇಗ ಆರುತ್ತದೆ. ಒಂದು ಶತಮಾನಕ್ಕೂ ಹಿಂದೆ ತಿಳಿದ ಸಂಗತಿಯಿದು. ಚಾವಣಿಗೆ ಸದ್ದು ಹೀರುವ ಹಲಗೆ ಬಡಿಸಿದರೆ ಅರ್ಧ ಕೆಲಸ ಮುಗಿಯುತ್ತದೆ. ಆಡಳಿತಕ್ಕೆ ಬರೆದುಕೊಟ್ಟೂ ಆಗಿದೆ.

ಗದ್ದಲ ಗದ್ದಲವನ್ನು ಸಾಕುತ್ತದೆ ಎಂಬುದೇ ಇದರಲ್ಲಿನ ಕೆಟ್ಟ ಅಂಶ. ಸುತ್ತ ಸದ್ದಿದ್ದರೆ ಮನುಷ್ಯ ತನಗೆ ಅರಿವಿಲ್ಲದೆಯೇ ದನಿ ಏರಿಸುತ್ತಾನೆ ಎಂದು ಫ್ರಾನ್ಸಿನ ವೈದ್ಯ ಏತಿಯನ್ ಲೊಂಬಾರ್ 1911ರಲ್ಲಿ ತೋರಿಸಿದ್ದರು. ಒಂದು ಮೇಜಿನವರು ಏರಿಸಿದರೆ ಪಕ್ಕದವರೂ ಏರಿಸುತ್ತಾರೆ, ಸಂಜೆಯ ಮಳೆ ಬಿರುಸಾದಂತೆ ಹಾಲ್ ತುಂಬ ಸದ್ದು ಏರುತ್ತ ಹೋಗುತ್ತದೆ. ಶ್ರವಣ ಸಾಧನ ಹಾಕಿಕೊಳ್ಳುವ ಒಬ್ಬ ವಿದ್ಯಾರ್ಥಿ ಇದ್ದಾನೆ. ಅವನು ಯಾವಾಗಲೂ ಗೋಡೆಗೆ ಬೆನ್ನು ಕೊಟ್ಟು, ಎದುರಿನವರ ಮುಖದ ಮೇಲೆ ಕಿಟಕಿಯ ಬೆಳಕು ಬೀಳುವಂತೆ ಕೂರುತ್ತಾನೆ, ತುಟಿ ಓದಲು. ಅವನ ಗೆಳೆಯರಿಗೆ ಇದು ಎಷ್ಟು ರೂಢಿಯಾಗಿದೆ ಎಂದರೆ ತಟ್ಟೆ ತಂದು ಆ ಜಾಗವನ್ನು ಬಿಟ್ಟೇ ಕೂರುತ್ತಾರೆ. ಜನ ಏರುವ ಹೊತ್ತಿಗೆ ಅವನು ಸಾಧನವನ್ನು ಕಿವಿಯಿಂದ ತೆಗೆದು ಅಂಗಿಯ ಜೇಬಿಗೆ ಹಾಕಿಕೊಳ್ಳುತ್ತಾನೆ. ಅಲ್ಲಿಂದ ಮುಂದೆ ಅವನ ಊಟ ಮಾತಿಲ್ಲದ ಊಟ. ಆ ಜೇಬಿಗೆ ಹೋಗುವ ಕೈ ನನ್ನನ್ನು ಪ್ರತಿ ಸಲವೂ ನೋಯಿಸುತ್ತದೆ.

ತಟ್ಟೆ ಬೀಳುವ ಸದ್ದಿನ ಬಗ್ಗೆಯೂ ಹೇಳಬೇಕು. ತಟ್ಟೆ ಬಿದ್ದ ಕೂಡಲೇ ಇಡೀ ಹಾಲ್ ಕ್ಷಣ ಸ್ತಬ್ಧವಾಗುತ್ತದೆ, ಆಮೇಲೆ ಹಿಂದಿನ ಬೆಂಚುಗಳಿಂದ ಚಪ್ಪಾಳೆ ಏಳುತ್ತದೆ. ಇದು ನನಗೆ ಸ್ವಲ್ಪವೂ ಸೇರದ ಪದ್ಧತಿ. ಬೀಳಿಸಿದವರು ಯಾರನ್ನೂ ನೋಡದೆ ಬಗ್ಗಿ ಬರಿಗೈಯಲ್ಲಿ ಚೆಲ್ಲಿದ್ದನ್ನು ಬಳಿಯಲು ಶುರುಮಾಡುತ್ತಾರೆ. ಆದರೆ ಚಪ್ಪಾಳೆಯ ಆ ಹತ್ತು ಸೆಕೆಂಡಿನಲ್ಲಿ ಹತ್ತಿರದ ಮೇಜಿನವರನ್ನು ನೋಡಿ. ಒಬ್ಬರು ಕಾಗದ ತರಲು ಎದ್ದಿರುತ್ತಾರೆ, ಒಬ್ಬರು ದಾರಿಯಲ್ಲಿ ಬರುವವರನ್ನು ಕೈಯೊಡ್ಡಿ ತಡೆಯುತ್ತಾರೆ, ಒಬ್ಬರು 'ಬಿಡಿ, ಒರೆಸಲು ಬರುತ್ತಾರೆ, ನೀವು ಇನ್ನೊಂದು ತಟ್ಟೆ ತನ್ನಿ' ಎನ್ನುತ್ತಾರೆ. ಚಪ್ಪಾಳೆ ಯಾವಾಗಲೂ ದೂರದ ಮೇಜುಗಳಿಂದಲೇ ಬರುತ್ತದೆ.

ಸಾಲು ಮತ್ತು ಜಾಗದ ಲೆಕ್ಕ ಬೇಗ ಮುಗಿಸುತ್ತೇನೆ. ಜಾನ್ ಲಿಟಲ್ 1961ರಲ್ಲಿ ಸಾಧಿಸಿ ತೋರಿಸಿದ ಸರಳ ನಿಯಮವೊಂದಿದೆ: ಒಳಗಿರುವವರ ಸಂಖ್ಯೆ ಎಂದರೆ ನಿಮಿಷಕ್ಕೆ ಬರುವವರು ಗುಣಿಸು ಒಬ್ಬೊಬ್ಬರು ಇರುವ ನಿಮಿಷ. ನಿಮಿಷಕ್ಕೆ 12 ಜನ ಬಂದು ತಲಾ 25 ನಿಮಿಷ ಕುರ್ಚಿ ಹಿಡಿದರೆ 300 ಕುರ್ಚಿ ಬೇಕು. ಸಾಲಿಗೆ ನಿಲ್ಲುವ ಮುಂಚೆಯೇ ಕುರ್ಚಿಯ ಮೇಲೆ ಚೀಲವಿಟ್ಟು ಹೋದರೆ, ಸಾಲಿನ ಹತ್ತು ನಿಮಿಷವೂ ಕುರ್ಚಿಯ ಲೆಕ್ಕಕ್ಕೇ ಸೇರಿ 420 ಕುರ್ಚಿ ಬೇಕಾಗುತ್ತದೆ. ಹಾಲ್ ತುಂಬಿದಂತೆ ಕಾಣುವಾಗ ನಿಜವಾಗಿ ತುಂಬಿರುವುದು ಎಷ್ಟೋ ಸಲ ಚೀಲಗಳು. ತಟ್ಟೆ ಹಿಡಿದು ಅಲೆಯುತ್ತಿರುವವರ ಕಣ್ಣೆದುರಿಗೇ ಹೀಗೆ ಖಾಲಿ ಕುರ್ಚಿಗಳಿರುವುದು ಅನ್ಯಾಯ. ಎಲ್ಲ ವಿಭಾಗಗಳಿಗೂ ಒಂದೇ ಹೊತ್ತಿಗೆ ಬಿಡುವು ಕೊಡುವುದನ್ನು ನಿಲ್ಲಿಸಿ ಕಾಲು ಗಂಟೆ ಹಿಂದೆ ಮುಂದೆ ಮಾಡಿದರೆ ಚೀಲ ಇಡುವ ಅಗತ್ಯವೇ ಬೀಳುವುದಿಲ್ಲ.

ಕಿಟಕಿಯ ಕಟ್ಟೆ ಒಬ್ಬರೇ ಬರುವವರದು. ಒಬ್ಬರೇ ಕೂತವರೆಲ್ಲ ಒಂಟಿತನದಲ್ಲಿ ಬೇಯುತ್ತಿದ್ದಾರೆ ಎಂದುಕೊಳ್ಳಬಾರದು. ಪುಸ್ತಕವನ್ನು ಲೋಟಕ್ಕೆ ಒರಗಿಸಿ, ಎಡಗೈಯಲ್ಲಿ ಪುಟ ಹಿಡಿದು ಉಣ್ಣುವವರ ಮುಖದಲ್ಲಿ ಎಂಥ ನೆಮ್ಮದಿ ಇರುತ್ತದೆ! ಬೆಳಗಿನಿಂದ ಜನರ ನಡುವೆಯೇ ಇದ್ದು ದಣಿದವರು ಹೊರಗಿನ ಮರ ನೋಡುತ್ತ ನಿಧಾನವಾಗಿ ಅಗಿಯುತ್ತಾರೆ. ಹೊರಗೆ ಮುಖ ಮಾಡಿದ ಕಟ್ಟೆ ಇರುವುದರಿಂದ ಯಾರೂ ಅವರ ಎದುರಿಗೆ ಬಂದು ಕೂರುವುದಿಲ್ಲ, ಎದುರಿನ ಖಾಲಿ ಕುರ್ಚಿ 'ಇವರಿಗೆ ಯಾರೂ ಇಲ್ಲ' ಎಂದು ಸಾರುವುದೂ ಇಲ್ಲ. ನೋಡಿಕೊಳ್ಳಬೇಕಾದವರು ಬೇರೆ: ಒಂದೇ ಪುಟವನ್ನು ತಿರುಗಿಸದೆ ನೋಡುವವರು, ಮೊಬೈಲಿನ ಪರದೆ ಆರಿಹೋದರೂ ಅದನ್ನೇ ದಿಟ್ಟಿಸುವವರು, ಹಿಂದಿನಿಂದ ನಗು ಕೇಳಿದಾಗಲೆಲ್ಲ ತುಸು ಕತ್ತು ತಿರುಗಿಸುವವರು. ಅಂಥವರು ಕಂಡರೆ ಪಕ್ಕದ ಸ್ಟೂಲಿನಲ್ಲಿ ಕೂತು 'ಇಲ್ಲಿ ಯಾರಾದರೂ ಇದ್ದಾರೆಯೇ?' ಎಂದು ಕೇಳುತ್ತೇನೆ. ಮುಂದಿನ ಮಾತು ಅವರಿಗೆ ಬೇಕಿದ್ದರೆ ಬರುತ್ತದೆ, ಬೇಡವಾದರೆ ಇಬ್ಬರೂ ಉಣ್ಣುತ್ತೇವೆ.

ಕೊನೆಯ ದೂರು ತಡವಾಗಿ ಬರುವವರ ಪರವಾಗಿ. ಮುಚ್ಚುವ ಹೊತ್ತಿಗೆ ಅರ್ಧ ಗಂಟೆ ಇರುವಾಗಲೇ ಹಿಂದಿನ ಅರ್ಧದ ದೀಪ ಆರಿಸುತ್ತಾರೆ, ಕುರ್ಚಿಗಳನ್ನು ಮೇಜಿನ ಮೇಲೆ ಬೋರಲು ಹಾಕಲು ಶುರುಮಾಡುತ್ತಾರೆ. ಪ್ರಯೋಗಾಲಯದಿಂದ ಓಡಿ ಬಂದವರು, ಹೊರಗೆ ಅರೆಕಾಲಿಕ ಕೆಲಸ ಮುಗಿಸಿ ಬಂದವರು ಸುತ್ತ ಎತ್ತಿದ ಕುರ್ಚಿಗಳ ನಡುವೆ ಗಬಗಬ ತಿಂದು ಏಳುತ್ತಾರೆ. ಶುಚಿ ಮಾಡುವವರದು ತಪ್ಪಲ್ಲ. ಅವರ ಪಾಳಿ ಮುಗಿಯುವ ಹೊತ್ತೂ ಹಾಲ್ ಮುಚ್ಚುವ ಹೊತ್ತೂ ಒಂದೇ ಆಗಿದ್ದರೆ ಅವರಾದರೂ ಏನು ಮಾಡಿಯಾರು? ಅವರೂ ಉಣ್ಣಬೇಕು. ಎಲ್ಲರೂ ಹೋದ ಮೇಲೆ ಬಡಿಸುವವರು, ತೊಳೆಯುವವರು ಅಡುಗೆಮನೆಗೆ ಹತ್ತಿರದ ಮೇಜಿನಲ್ಲಿ ಕೂರುತ್ತಾರೆ. ದಿನವಿಡೀ ನಿಂತಿದ್ದ ಕಾಲುಗಳನ್ನು ಎದುರಿನ ಕುರ್ಚಿಯ ಅಡ್ಡಪಟ್ಟಿಯ ಮೇಲಿಟ್ಟು, ಮೊದಲು ನೀರು ಕುಡಿಯುತ್ತಾರೆ, ಬಹಳ ಹೊತ್ತು ಯಾರೂ ಮಾತಾಡುವುದಿಲ್ಲ. ಅವರ ಊಟಕ್ಕೂ ಒಂದು ನಿಗದಿತ, ಕೂಲಿ ಕಡಿಯದ ಅರ್ಧ ಗಂಟೆ ಇರಬೇಕು. ಪಾಳಿಯ ವೇಳೆಯನ್ನು ಅಷ್ಟು ಹಿಗ್ಗಿಸಿದರೆ ತಡವಾಗಿ ಬಂದ ಮಕ್ಕಳಿಗೂ ಬೆಳಕು ಉಳಿಯುತ್ತದೆ.

ಹೋಗುವವರಿಗೆ ಕೆಲವು ಸೂಚನೆ. ಮಧ್ಯಾಹ್ನದ ಬಿಡುವಿನ ಗಂಟೆ ಬಾರಿಸಿದ ಮೊದಲ ಇಪ್ಪತ್ತು ನಿಮಿಷ ಬಿಟ್ಟು ಹೋಗಿ. ಸಾಲೂ ಕರಗಿರುತ್ತದೆ, ಸದ್ದೂ ಇಳಿದಿರುತ್ತದೆ. ಹೊಸಬರಾದರೆ ಕಿಟಕಿಯಿಂದ ಎರಡನೆಯ ಸಾಲಿನ ಚೌಕ ಮೇಜು ಒಳ್ಳೆಯದು, ಅಲ್ಲಿ ಮೂಲೆಯಲ್ಲಿ ಜಾಗ ಸಿಗುತ್ತದೆ. ಮಾತು ಕೇಳಿಸಬೇಕಾದರೆ ಕಿಂಡಿಯಿಂದ ದೂರ ಕೂರಿ. ಊಟದ ರುಚಿ ಸಾಧಾರಣ, ಬಿಸಿ ಇರುತ್ತದೆ, ಹೊಟ್ಟೆ ಕೆಟ್ಟದ್ದು ಕೇಳಿಲ್ಲ. ಒಟ್ಟಾರೆ ಐದಕ್ಕೆ ಮೂರೂವರೆ ಅಂಕ. ನೀರಿನ ಮೇಜಿಗೆ, ಚೌಕ ಮೇಜುಗಳಿಗೆ, ಕಟ್ಟೆಯ ಕೊನೆಯಲ್ಲಿ ನಿಲ್ಲುವ ಅಕ್ಕನಿಗೆ ಸಂದ ಅಂಕಗಳವು. ಚಾವಣಿಗೆ ಹಲಗೆ ಬಡಿಸಿದರೆ ಒಂದು ಅಂಕ, ಹಿಂದಿನ ಅರ್ಧದ ದೀಪವನ್ನು ಕೊನೆಯವರು ಎದ್ದು ಹೋಗುವ ತನಕ ಉರಿಸಿದರೆ ಇನ್ನರ್ಧ ಅಂಕ ಸೇರಿಸಿ ಇದನ್ನು ತಿದ್ದಿ ಬರೆಯುತ್ತೇನೆ.